ಕೈಕೊಟ್ಟ ಬಂದೂಕು ಕೈಹಿಡಿದ ಕಥೆ: ಎಂ-16ರಿಂದ ಎಂ-4 ಕಾರ್ಬೈನ್‌ವರೆಗೆ

1967ರ ಏಪ್ರಿಲ್ ಕೊನೆಯ ವಾರ. ದಕ್ಷಿಣ ವಿಯೆಟ್ನಾಂನ ಖೆ ಸಾನ್ ಸುತ್ತಲಿನ ಬೆಟ್ಟಗಳಲ್ಲಿ ಅಮೆರಿಕದ ಮರೀನ್ ಪಡೆಗೂ ಉತ್ತರ ವಿಯೆಟ್ನಾಂ ಸೇನೆಗೂ ಘೋರ ಕಾಳಗ ನಡೆದಿತ್ತು. ಮರೀನ್ ಸೈನಿಕರ ಕೈಗೆ ಎಂ-16 ಎಂಬ ಹೊಸ ರೈಫಲ್ ಬಂದು ಕೆಲವೇ ವಾರಗಳಾಗಿದ್ದವು. ಹಗುರವಾದ, ಕಪ್ಪು ಬಣ್ಣದ, ನೋಡಲು ಆಟಿಕೆಯಂತಿದ್ದ ಆ ಬಂದೂಕು ಅತ್ಯಾಧುನಿಕವೆಂದು ಅವರಿಗೆ ಹೇಳಲಾಗಿತ್ತು. ಕಾಳಗ ಮುಗಿದ ಮೇಲೆ ಸೈನಿಕರು ಮನೆಗೆ ಬರೆದ ಪತ್ರಗಳು ಬೇರೆಯೇ ಕಥೆ ಹೇಳಿದವು. ನಿರ್ಣಾಯಕ ಘಳಿಗೆಯಲ್ಲಿ ಬಂದೂಕು ಸಿಕ್ಕಿಕೊಳ್ಳುತ್ತಿತ್ತು. ಸಿಡಿದ ತೋಟಾದ ಖಾಲಿ ಕವಚ ಒಳಗೇ ಕಚ್ಚಿಕೊಂಡು ಹೊರಬರಲು ಒಪ್ಪುತ್ತಿರಲಿಲ್ಲ. ಅದನ್ನು ಹೊರದಬ್ಬಲು ನಳಿಗೆಯ ಬಾಯಿಯಿಂದ ಸರಳು ತೂರಿಸುತ್ತಿದ್ದ ಸ್ಥಿತಿಯಲ್ಲೇ ಸೈನಿಕರು ಸತ್ತರೆಂಬ ದೂರುಗಳು ಅಮೆರಿಕದ ಸಂಸತ್ತನ್ನು ತಲುಪಿದವು.

ಇಂದು ಅದೇ ಬಂದೂಕಿನ ವಂಶದ ಕುಡಿಯಾದ ಎಂ-4 ಕಾರ್ಬೈನ್ ಜಗತ್ತಿನ ಅನೇಕ ಸೇನೆಗಳ ಕೈಯಲ್ಲಿದೆ. ಸೈನಿಕನಿಗೆ ಕೈಕೊಟ್ಟ ಒಂದು ಆಯುಧ ಆತನ ನಂಬಿಕೆಯನ್ನು ಮರಳಿ ಗಳಿಸಿದ್ದು ಹೇಗೆ? ಬಂದೂಕಿನ ದೋಷ ಬಂದೂಕಿನೊಳಗೆ ಮಾತ್ರ ಇರುವುದಿಲ್ಲ. ಮದ್ದು, ಮ್ಯಾಗಜೀನ್, ಶುಚಿತ್ವ, ತರಬೇತಿ, ಕೊನೆಗೆ ಕಚೇರಿಯ ಕಡತಗಳಲ್ಲಿಯೂ ಅದು ಅಡಗಿರುತ್ತದೆ ಎಂಬ ಸತ್ಯವನ್ನು ಈ ಆರು ದಶಕಗಳ ಇತಿಹಾಸ ಬಿಚ್ಚಿಡುತ್ತದೆ. ಭಾರತದ ಇನ್ಸಾಸ್ ರೈಫಲ್ಲಿನ ಏಳುಬೀಳುಗಳನ್ನು ಬಲ್ಲವರಿಗೆ ಈ ಪಾಠ ಹೊಸದೇನಲ್ಲ.

ಕಾರ್ಬೈನ್ ಎಂದರೇನು?

ರೈಫಲ್ಲಿನ ಗಿಡ್ಡ ರೂಪವೇ ಕಾರ್ಬೈನ್. ಹಿಂದೆ ಕುದುರೆ ಸವಾರರು ಬಳಸಲು ಅನುಕೂಲವಾಗಲೆಂದು ನಳಿಗೆಯನ್ನು ಮೊಟಕುಗೊಳಿಸಿ ಮಾಡಿದ ಬಂದೂಕಿಗೆ ಈ ಹೆಸರು ಬಂತು. ಇಂದು ವಾಹನ, ಹೆಲಿಕಾಪ್ಟರ್ ಹಾಗೂ ಇಕ್ಕಟ್ಟಾದ ಕಟ್ಟಡಗಳೊಳಗೆ ಹೋರಾಡುವ ಸೈನಿಕರಿಗೆ ಅದು ಹೆಚ್ಚು ಅನುಕೂಲ. ಎಂ-16ರ ನಳಿಗೆ 20 ಅಂಗುಲ ಉದ್ದವಿದ್ದರೆ ಎಂ-4ರದು 14.5 ಅಂಗುಲ ಮಾತ್ರ.

ಅರೆ ಸ್ವಯಂಚಾಲಿತ ಬಂದೂಕಿನಲ್ಲಿ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುತ್ತದೆ. ಆದರೆ ಖಾಲಿ ಕವಚವನ್ನು ಹೊರಗೆಸೆದು ಮುಂದಿನ ತೋಟಾವನ್ನು ಒಳಗೆ ಕೂರಿಸುವ ಕೆಲಸವನ್ನು ಬಂದೂಕು ತಾನೇ ಮಾಡಿಕೊಳ್ಳುತ್ತದೆ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ಣ ಸ್ವಯಂಚಾಲಿತ. ಎಂ-16 ಮತ್ತು ಎಂ-4ರಂಥ ಸೇನಾ ಬಂದೂಕುಗಳಲ್ಲಿ ಒಂದು ಸಣ್ಣ ಗುಂಡಿ ತಿರುಗಿಸಿ ಬೇಕಾದ ಕ್ರಮವನ್ನು ಆರಿಸಿಕೊಳ್ಳಬಹುದು. ಗುರಿಯಿಟ್ಟು ಹೊಡೆಯುವಾಗ ಸೈನಿಕ ಬಳಸುವುದು ಬಹುಮಟ್ಟಿಗೆ ಅರೆ ಸ್ವಯಂಚಾಲಿತ ಕ್ರಮವನ್ನೇ.

ಇದಕ್ಕೆ ಬೇಕಾದ ಶಕ್ತಿ ಬರುವುದು ಸಿಡಿದ ಮದ್ದಿನ ಅನಿಲದಿಂದ. ಗುಂಡು ನಳಿಗೆಯಲ್ಲಿ ಮುಂದೆ ಸಾಗುತ್ತಿರುವಾಗ ಅದರ ಹಿಂದಿನ ಅನಿಲದ ಸ್ವಲ್ಪ ಭಾಗ ಒಂದು ಸಣ್ಣ ರಂಧ್ರದ ಮೂಲಕ ಕವಲೊಡೆಯುತ್ತದೆ. ಎಂ-16ರಲ್ಲಿ ಈ ಅನಿಲ ತೆಳುವಾದ ಕೊಳವೆಯೊಂದರಲ್ಲಿ ಹಿಂದಕ್ಕೆ ಹರಿದು ಬೋಲ್ಟ್ ಎಂಬ ಚಲಿಸುವ ಭಾಗವನ್ನು ನೇರವಾಗಿ ಹಿಂದೂಡುತ್ತದೆ. ಬೋಲ್ಟ್‌ನ ತುದಿಯ ಕೊಕ್ಕೆ ಖಾಲಿ ಕವಚದ ಅಂಚನ್ನು ಹಿಡಿದೆಳೆದು ಹೊರಹಾಕುತ್ತದೆ. ಬಳಿಕ ಸ್ಪ್ರಿಂಗ್ ಬೋಲ್ಟನ್ನು ಮುಂದೆ ತಳ್ಳುತ್ತದೆ. ದಾರಿಯಲ್ಲಿ ಅದು ಮ್ಯಾಗಜೀನ್‌ನಿಂದ ಹೊಸ ತೋಟಾವನ್ನು ಎತ್ತಿಕೊಂಡು ಹೋಗುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಬಂದೂಕು ಬರಿಯ ಕಬ್ಬಿಣದ ತುಂಡು.

ಎರಡು ಅಳತೆಗೋಲು

ಬಂದೂಕನ್ನು ಮುಖ್ಯವಾಗಿ ಎರಡು ಅಳತೆಗೋಲಿನಿಂದ ತೂಗಲಾಗುತ್ತದೆ. ಮೊದಲನೆಯದು ನಿಖರತೆ. ಒಂದೇ ಗುರಿಗೆ ಹಾರಿಸಿದ ಗುಂಡುಗಳು ಒಂದಕ್ಕೊಂದು ಎಷ್ಟು ಸಮೀಪ ಬೀಳುತ್ತವೆ ಎಂಬುದೇ ಅದರ ಲೆಕ್ಕ. ತಜ್ಞರು ಇದನ್ನು ಕೋನದಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವ ಒಂದು ಭಾಗ 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂಟಿಮೀಟರ್ ಅಗಲವಾಗುತ್ತದೆ. ಅಂಥ ನಾಲ್ಕು ಭಾಗಗಳಷ್ಟು ಚದುರುವ ಬಂದೂಕಿನ ಗುಂಡುಗಳು 300 ಮೀಟರ್ ದೂರದಲ್ಲಿ ಸುಮಾರು 35 ಸೆಂಟಿಮೀಟರ್ ಅಗಲದ ವೃತ್ತದಲ್ಲಿ ಹರಡಿಕೊಳ್ಳುತ್ತವೆ.

ಎರಡನೆಯದು ವಿಶ್ವಾಸಾರ್ಹತೆ. ಒಂದು ಅಡಚಣೆಗೂ ಮುಂದಿನ ಅಡಚಣೆಗೂ ನಡುವೆ ಸರಾಸರಿ ಎಷ್ಟು ಗುಂಡುಗಳು ಸಲೀಸಾಗಿ ಹಾರುತ್ತವೆ ಎಂಬುದು ಇದರ ಮಾನದಂಡ.

ವಿಚಿತ್ರವೆಂದರೆ ಈ ಎರಡು ಗುಣಗಳು ಹಲವೊಮ್ಮೆ ಒಂದನ್ನೊಂದು ಎಳೆದಾಡುತ್ತವೆ. ಭಾಗಗಳು ಒಂದಕ್ಕೊಂದು ಬಿಗಿಯಾಗಿ, ಸಂದಿಲ್ಲದಂತೆ ಕೂತಷ್ಟೂ ಗುಂಡು ಪ್ರತಿ ಬಾರಿಯೂ ಒಂದೇ ರೀತಿ ಹೊರಡುತ್ತದೆ, ನಿಖರತೆ ಹೆಚ್ಚುತ್ತದೆ. ಆದರೆ ಬಿಗಿಯಾದ ಸಂದಿಯಲ್ಲಿ ಒಂದು ಚಿಟಿಕೆ ಮರಳು ಬಿದ್ದರೂ ಚಲನೆ ನಿಲ್ಲಬಹುದು. ರಷ್ಯಾದ ಎಕೆ-47 ಇದಕ್ಕೆ ವಿರುದ್ಧ ದಾರಿ ಹಿಡಿದ ಬಂದೂಕು. ಅದರ ಭಾಗಗಳ ನಡುವೆ ಸಾಕಷ್ಟು ಸಡಿಲವಿದೆ; ಕೆಸರು, ಧೂಳು ಬಿದ್ದರೂ ಓಡುತ್ತದೆ. ನಿಖರತೆಯಲ್ಲಿ ಮಾತ್ರ ಅದು ಎಂ-16ಕ್ಕೆ ಸಮವಲ್ಲ. ನಿಖರತೆಯನ್ನು ಬಿಟ್ಟುಕೊಡದೆ ವಿಶ್ವಾಸಾರ್ಹತೆ ಗಳಿಸುವುದು ಹೇಗೆ ಎಂಬುದೇ ಎಂ-16 ವಂಶದ ಮುಂದಿದ್ದ ಸವಾಲು.

ಶುಭಾರಂಭ, ಬಳಿಕ ಅಪಶಕುನ

ಈ ಬಂದೂಕಿನ ಮೂಲ ವಿನ್ಯಾಸಕಾರ ಯೂಜೀನ್ ಸ್ಟೋನರ್. ಆರ್ಮಲೈಟ್ ಎಂಬ ಸಂಸ್ಥೆಯಲ್ಲಿದ್ದಾಗ 1950ರ ದಶಕದಲ್ಲಿ ಆತ ಉಕ್ಕು ಮತ್ತು ಮರದ ಬದಲಿಗೆ ಅಲ್ಯುಮಿನಿಯಂ ಹಾಗೂ ಪ್ಲಾಸ್ಟಿಕ್ ಬಳಸಿ ಹಗುರವಾದ ರೈಫಲ್ ರೂಪಿಸಿದ. ಅದರ ಹೆಸರು ಎಆರ್-15. 1959ರಲ್ಲಿ ಅದರ ಹಕ್ಕುಗಳನ್ನು ಕೋಲ್ಟ್ ಕಂಪನಿ ಖರೀದಿಸಿತು. ಆಗ ಅಮೆರಿಕ ಸೇನೆಯ ಬಳಿಯಿದ್ದ ಎಂ-14 ಭಾರವಾದ ರೈಫಲ್, ಅದರ 7.62 ಮಿ.ಮೀ. ತೋಟಾಗಳೂ ಭಾರವೇ. ಎಆರ್-15ರ ಸಣ್ಣ ತೋಟಾವನ್ನು ಸೈನಿಕ ಹೆಚ್ಚು ಸಂಖ್ಯೆಯಲ್ಲಿ ಹೊರಬಲ್ಲವನಾಗಿದ್ದ.

1962ರಲ್ಲಿ ಸುಮಾರು ಒಂದು ಸಾವಿರ ಎಆರ್-15ಗಳನ್ನು ವಿಯೆಟ್ನಾಂಗೆ ಕಳುಹಿಸಿ ಪರೀಕ್ಷಿಸಲಾಯಿತು. ವರದಿಗಳು ಪ್ರಶಂಸೆಯಿಂದ ತುಂಬಿದ್ದವು. 1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯಲ್ಲಿ ನಡೆದ ದೊಡ್ಡ ಕಾಳಗದಲ್ಲೂ ಈ ರೈಫಲ್ ಒಳ್ಳೆಯ ಹೆಸರು ಗಳಿಸಿತು. ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೇನಾಪತಿ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ತಮ್ಮ ಪಡೆಗಳಿಗೆಲ್ಲ ಇದೇ ಬೇಕೆಂದು ಬೇಡಿಕೆಯಿಟ್ಟರು. ಲಕ್ಷಗಟ್ಟಲೆ ಬಂದೂಕುಗಳು ಹಡಗು ಹತ್ತಿದವು. ದೂರುಗಳ ಸುರಿಮಳೆಯೂ ಆಗಲೇ ಆರಂಭವಾಯಿತು.

1962ರಲ್ಲಿ ಮೆಚ್ಚುಗೆ ಗಳಿಸಿದ ಬಂದೂಕು 1967ರಲ್ಲಿ ಕೈಕೊಟ್ಟದ್ದೇಕೆ?

ಮದ್ದು ಬದಲಾಯಿತು

ಮೊದಲ ಉತ್ತರ ತೋಟಾದೊಳಗಿತ್ತು. ಸ್ಟೋನರ್ ತನ್ನ ಬಂದೂಕನ್ನು ಡುಪಾಂಟ್ ಕಂಪನಿಯ ಒಂದು ಬಗೆಯ ಮದ್ದಿಗೆ ಹೊಂದಿಸಿ ರೂಪಿಸಿದ್ದ. ಆದರೆ ಭಾರೀ ಪ್ರಮಾಣದ ಉತ್ಪಾದನೆಯಲ್ಲಿ ಆ ಮದ್ದಿನಿಂದ ಸೇನೆ ನಿಗದಿಪಡಿಸಿದ ಗುಂಡಿನ ವೇಗ ಹಾಗೂ ಒತ್ತಡದ ಮಿತಿ, ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವಾಯಿತು. 1964ರಲ್ಲಿ ಸೇನೆ ಓಲಿನ್ ಕಂಪನಿಯ ಗೋಲಿಯಾಕಾರದ ಕಣಗಳ ಬೇರೊಂದು ಮದ್ದಿಗೆ ಒಪ್ಪಿಗೆ ಕೊಟ್ಟಿತು. ಗುಂಡಿನ ವೇಗವೇನೋ ಬಂತು. ಆದರೆ ಹೊಸ ಮದ್ದು ಉರಿಯುವ ಬಗೆ ಬೇರೆ. ಅನಿಲದ ರಂಧ್ರದ ಬಳಿ ಅದು ಉಂಟುಮಾಡುವ ಒತ್ತಡ ಹೆಚ್ಚು. ಬೋಲ್ಟ್ ನಿಗದಿಗಿಂತ ವೇಗವಾಗಿ ಓಡತೊಡಗಿತು. ನಿಮಿಷಕ್ಕೆ ಗರಿಷ್ಠ 850 ಇರಬೇಕಿದ್ದ ಗುಂಡುಗಳ ದರ 1,000ದತ್ತ ಏರಿತು.

ವೇಗ ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ತೊಂದರೆ ಇರುವುದು ಅಲ್ಲಿಯೇ. ಮದ್ದು ಸಿಡಿದಾಗ ಹಿತ್ತಾಳೆಯ ಕವಚ ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದ ಬಳಿಕ ಕುಗ್ಗಿ ಸಡಿಲಗೊಳ್ಳುತ್ತದೆ. ಬೋಲ್ಟ್ ಅವಸರಪಟ್ಟರೆ ಕವಚ ಇನ್ನೂ ಗೋಡೆಯನ್ನು ಹಿಡಿದುಕೊಂಡಿರುವಾಗಲೇ ಕೊಕ್ಕೆ ಅದನ್ನು ಎಳೆಯುತ್ತದೆ. ಆಗ ಕೊಕ್ಕೆ ಜಾರುತ್ತದೆ, ಇಲ್ಲವೇ ಕವಚದ ಅಂಚೇ ಹರಿಯುತ್ತದೆ. ಕವಚ ಒಳಗೇ ಉಳಿಯುತ್ತದೆ. ಇದರ ಜೊತೆಗೆ ಹೊಸ ಮದ್ದಿನಲ್ಲಿ ಬೆರೆಸಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಕೊಳವೆಯಲ್ಲಿ ಕಿಟ್ಟದಂತೆ ಕಟ್ಟಿಕೊಳ್ಳುತ್ತಿತ್ತು.

ಎರಡನೆಯ ಉತ್ತರ ವಿಯೆಟ್ನಾಂನ ಹವೆಯಲ್ಲಿತ್ತು. ಬಿಸಿಲು, ಮಳೆ, ಗದ್ದೆಯ ಕೆಸರು ಸೇರಿ ಚೇಂಬರಿನ ಉಕ್ಕಿನಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿಗಳಾಗುತ್ತಿದ್ದವು. ಹಿಗ್ಗಿದ ಹಿತ್ತಾಳೆ ಆ ಗುಳಿಗಳೊಳಗೆ ಹೊಕ್ಕು ಅಂಟಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಕಲಿತ ಪಾಠದಿಂದಾಗಿ ಎಂ-14ರ ನಳಿಗೆಯ ಒಳಭಾಗಕ್ಕೆ ಕ್ರೋಮಿಯಂ ಲೇಪನ ಕೊಡಲಾಗುತ್ತಿತ್ತು. ಎಂ-16ಕ್ಕೆ ಆ ಭಾಗ್ಯ ಸಿಕ್ಕಿರಲಿಲ್ಲ.

ಮೂರನೆಯ ಉತ್ತರ ಇನ್ನೂ ಸರಳ, ಅಷ್ಟೇ ನೋವಿನದು. ಹೊಸ ಬಂದೂಕಿಗೆ ಶುಚಿತ್ವವೇ ಬೇಕಿಲ್ಲ ಎಂಬ ಮಾತು ಸೈನಿಕರ ನಡುವೆ ಹಬ್ಬಿತ್ತು. ಶುಚಿಗೊಳಿಸುವ ಸರಳು, ಬ್ರಷ್, ಎಣ್ಣೆ ಸಾಕಷ್ಟು ಪೂರೈಕೆಯಾಗಿರಲಿಲ್ಲ. ಹೊಸ ರೈಫಲ್ಲಿಗೆ ಬೇಕಾದ ತರಬೇತಿಯೂ ಅನೇಕರಿಗೆ ಸಿಕ್ಕಿರಲಿಲ್ಲ.

ಕಡತದೊಳಗಿನ ದೋಷ

1967ರ ಮೇ ತಿಂಗಳಲ್ಲಿ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆಯ ಸಶಸ್ತ್ರ ಸೇವಾ ಸಮಿತಿ ತನಿಖೆಗಾಗಿ ಉಪಸಮಿತಿಯೊಂದನ್ನು ರಚಿಸಿತು. ಮಿಸೌರಿಯ ರಿಚರ್ಡ್ ಐಕಾರ್ಡ್ ಅದರ ಅಧ್ಯಕ್ಷರು. ತೊಂದರೆಗೆಲ್ಲ ಸೈನಿಕರು ಬಂದೂಕನ್ನು ಶುಚಿಯಾಗಿಡದಿರುವುದೇ ಕಾರಣ ಎಂಬ ವಾದ ಸೇನೆಯೊಳಗೆ ಬಲವಾಗಿತ್ತು. ಉಪಸಮಿತಿ ಈ ವಾದಕ್ಕೆ ತೃಪ್ತವಾಗದೆ ಕಡತಗಳನ್ನು ಕೆದಕಿತು.

ಹೊರಬಿದ್ದ ಸಂಗತಿಗಳಲ್ಲಿ ಒಂದು ಇಂದಿಗೂ ಬೆರಗು ಹುಟ್ಟಿಸುವಂಥದ್ದು. ಹೊಸ ಮದ್ದಿನ ತೋಟಾಗಳನ್ನು ಬಳಸಿದರೆ ತನ್ನ ಬಂದೂಕುಗಳು ಗುಂಡಿನ ದರದ ಮಿತಿಯನ್ನು ದಾಟುತ್ತವೆ, ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ ಎಂದು ಕೋಲ್ಟ್ ಕಂಪನಿ ಸೇನೆಗೆ ತಿಳಿಸಿತ್ತು. ಅದಕ್ಕೆ ಸಿಕ್ಕ ಪರಿಹಾರ, ಕಾರ್ಖಾನೆಯ ಪರೀಕ್ಷೆಯಲ್ಲಿ ಹಳೆಯ ಮದ್ದಿನ ತೋಟಾಗಳನ್ನೇ ಬಳಸಲು ಅನುಮತಿ! ಹೀಗೆ ಒಂದು ಮದ್ದಿನಲ್ಲಿ ತೇರ್ಗಡೆಯಾದ ಬಂದೂಕು ಇನ್ನೊಂದು ಮದ್ದಿನೊಂದಿಗೆ ಯುದ್ಧಭೂಮಿಗೆ ಹೋಯಿತು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಕಾಡಿನಲ್ಲಿ ಮಾತ್ರ ಸರಿಯಿರಲಿಲ್ಲ.

1967ರ ಅಕ್ಟೋಬರ್‌ನಲ್ಲಿ ಬಂದ ವರದಿ ಅಧಿಕಾರಿಗಳನ್ನು ತೀಕ್ಷ್ಣವಾಗಿ ಟೀಕಿಸಿತು. ತೋಟಾದ ದೋಷ ತಿಳಿದೂ ಸರಿಪಡಿಸದಿದ್ದುದು ಅಪರಾಧಕ್ಕೆ ಸಮೀಪದ ನಿರ್ಲಕ್ಷ್ಯವೆಂಬ ಅರ್ಥದ ಕಟುಮಾತನ್ನೇ ಅದು ಬಳಸಿತು.

ದುರಸ್ತಿಯ ದಾರಿ

ಆ ಹೊತ್ತಿಗೆ ದುರಸ್ತಿಯ ಕೆಲಸ ಆರಂಭವಾಗಿತ್ತು. ಬೋಲ್ಟ್‌ನ ಓಟಕ್ಕೆ ಕಡಿವಾಣ ಹಾಕಲು ಅದರ ಹಿಂದಿನ ಬಫರ್ ಎಂಬ ಭಾಗವನ್ನು ಹೆಚ್ಚು ತೂಕದೊಂದಿಗೆ ಮರುವಿನ್ಯಾಸಗೊಳಿಸಲಾಯಿತು. ಚೇಂಬರಿಗೆ ಕ್ರೋಮಿಯಂ ಲೇಪನ ಬಂತು. ಮುಂದೆ ಇಡೀ ನಳಿಗೆಯ ಒಳಮೈಗೂ ಅದನ್ನು ವಿಸ್ತರಿಸಲಾಯಿತು. ನಳಿಗೆಯ ತುದಿಯಲ್ಲಿದ್ದ, ಬಳ್ಳಿಗಳಿಗೆ ಸಿಕ್ಕಿಕೊಳ್ಳುತ್ತಿದ್ದ ತೆರೆದ ಮೂರು ಕವಲುಗಳ ಭಾಗವನ್ನು ಮುಚ್ಚಿದ ತುದಿಯದಾಗಿ ಬದಲಿಸಲಾಯಿತು. ಮದ್ದಿನಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರಮಾಣವನ್ನೂ ತಗ್ಗಿಸಲಾಯಿತು. ಶುಚಿಗೊಳಿಸುವ ಸಲಕರಣೆಯನ್ನು ಬಂದೂಕಿನ ಹಿಂಬದಿಯಲ್ಲೇ ಇಟ್ಟುಕೊಳ್ಳಲು ಸಣ್ಣ ಗೂಡು ಮಾಡಲಾಯಿತು.

ತರಬೇತಿಗೆ ಸೇನೆ ಹಿಡಿದ ಹಾದಿ ಸ್ವಾರಸ್ಯಕರವಾದದ್ದು. ಒಣ ಕೈಪಿಡಿಗಳನ್ನು ಹತ್ತೊಂಬತ್ತು ಇಪ್ಪತ್ತರ ಹುಡುಗರು ಓದಲಾರರೆಂದು ಅರಿತು ಹೆಸರಾಂತ ಚಿತ್ರಕಥೆಗಾರ ವಿಲ್ ಐಸ್ನರ್ ಅವರಿಂದ ಬಣ್ಣದ ಚಿತ್ರಪುಸ್ತಿಕೆಯೊಂದನ್ನು ಮಾಡಿಸಿತು. ಬಂದೂಕನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಹಚ್ಚುವುದು ಎಲ್ಲವೂ ಅದರಲ್ಲಿ ಹಾಸ್ಯದೊಂದಿಗೆ ಬಂದಿತ್ತು. ಈ ಎಲ್ಲ ಕ್ರಮಗಳು ಒಟ್ಟಾಗಿ ಫಲ ಕೊಟ್ಟವು. ಎಂ-16ಎ1 ಎಂಬ ಸುಧಾರಿತ ರೂಪ ಕ್ರಮೇಣ ಸೈನಿಕರ ವಿಶ್ವಾಸ ಗಳಿಸಿತು. ಆದರೆ ಮೊದಲ ಅಪಕೀರ್ತಿ ಪೂರ್ತಿ ಅಳಿಯಲು ಒಂದು ಪೀಳಿಗೆಯೇ ಬೇಕಾಯಿತು.

ಗುಂಡಿಗೆ ಬೇಕಾದ ತಿರುವು

ನಿಖರತೆಯ ಕಥೆ ಇಷ್ಟು ದಾರುಣವಲ್ಲ. ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ತಿರುಗುವ ಗುಂಡು ತೊನೆದಾಡದೆ ಮೂತಿ ಮುಂದಾಗಿಯೇ ಹಾರುತ್ತದೆ. ಎಆರ್-15ರಲ್ಲಿ ಮೊದಲು 14 ಅಂಗುಲಕ್ಕೆ ಒಂದು ಸುತ್ತಿನ ಗೆರೆಗಳಿದ್ದವು. ಅತಿಶೀತ ಪ್ರದೇಶದ ಗಾಳಿ ಹೆಚ್ಚು ಸಾಂದ್ರ. ಅಲ್ಲಿ ಈ ತಿರುವು ಸಾಲದೆಂದು ಪರೀಕ್ಷೆಗಳಲ್ಲಿ ಕಂಡುಬಂದಾಗ ಅದನ್ನು 12 ಅಂಗುಲಕ್ಕೆ ಒಂದು ಸುತ್ತಾಗಿ ಬಿಗಿಗೊಳಿಸಲಾಯಿತು.

1980ರಲ್ಲಿ ನೇಟೊ ಒಕ್ಕೂಟ ಬೆಲ್ಜಿಯಂನಲ್ಲಿ ರೂಪುಗೊಂಡ ಉದ್ದನೆಯ, ತುಸು ಭಾರವಾದ 5.56 ಮಿ.ಮೀ. ಗುಂಡನ್ನು ತನ್ನ ಮಾನಕವಾಗಿ ಸ್ವೀಕರಿಸಿತು. ಹಳೆಯ ಗುಂಡು ಸುಮಾರು 3.6 ಗ್ರಾಂ ತೂಗಿದರೆ ಇದು ಸುಮಾರು 4 ಗ್ರಾಂ. ಗುಂಡು ಉದ್ದವಾದಷ್ಟೂ ಅದನ್ನು ಸ್ಥಿರವಾಗಿಡಲು ಹೆಚ್ಚು ವೇಗದ ತಿರುಗಾಟ ಬೇಕು. ಹೀಗಾಗಿ 1980ರ ದಶಕದಲ್ಲಿ ಮರೀನ್ ಪಡೆಯ ಮುತುವರ್ಜಿಯಿಂದ ಬಂದ ಎಂ-16ಎ2ರಲ್ಲಿ 7 ಅಂಗುಲಕ್ಕೆ ಒಂದು ಸುತ್ತಿನ ಗೆರೆ, ಮುಂಭಾಗದಲ್ಲಿ ದಪ್ಪನೆಯ ನಳಿಗೆ ಹಾಗೂ ಸೂಕ್ಷ್ಮವಾಗಿ ಹೊಂದಿಸಬಹುದಾದ ಗುರಿಸಾಧನ ಅಳವಟ್ಟವು.

ನಿಖರತೆಗೆ ಇನ್ನೊಂದು ಶತ್ರು ನಳಿಗೆಯ ಕಂಪನ. ಗುಂಡು ಹಾರುವಾಗ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ. ಪ್ರತಿ ಬಾರಿಯೂ ಒಂದೇ ರೀತಿ ಕಂಪಿಸಿದರೆ ತೊಂದರೆಯಿಲ್ಲ. ಆದರೆ ಸೈನಿಕನ ಕೈ, ಹೆಗಲ ಪಟ್ಟಿ ಅಥವಾ ಮರಳಿನ ಚೀಲ ನಳಿಗೆಯ ಮೇಲೆ ಒತ್ತಡ ಹಾಕಿದರೆ ಗುಂಡು ಬೀಳುವ ಜಾಗ ಕದಲುತ್ತದೆ. ಕೈ ಹಿಡಿಯುವ ಕವಚವನ್ನು ನಳಿಗೆಗೆ ತಾಗದಂತೆ ಹಿಂಬದಿಗೆ ಮಾತ್ರ ಬಿಗಿಯುವ ಪದ್ಧತಿ ಬಂದದ್ದು ಇದರಿಂದಲೇ. ಅಮೆರಿಕದ ವಿಶೇಷ ಪಡೆಗಳ ಕಾರ್ಬೈನ್‌ಗಳು ಈ ದಾರಿ ಹಿಡಿದಿವೆ.

ಗಿಡ್ಡವಾದರೆ ಬರುವ ತೊಡಕು

1994ರಲ್ಲಿ ಸೇನೆ ಎಂ-4 ಕಾರ್ಬೈನನ್ನು ಅಂಗೀಕರಿಸಿತು. ನಳಿಗೆ ಮೊಟಕಾದಾಗ ಅನಿಲದ ರಂಧ್ರವೂ ಚೇಂಬರಿನ ಸಮೀಪಕ್ಕೆ ಬಂತು. ಅಲ್ಲಿ ಅನಿಲದ ಬಿಸಿ ಹೆಚ್ಚು, ಒತ್ತಡವೂ ಹೆಚ್ಚು. ವಿಯೆಟ್ನಾಂ ಕಾಲದ ಹಳೆಯ ಸಮಸ್ಯೆ ಹೊಸ ವೇಷ ತೊಟ್ಟು ಮರಳಿತು: ಬೋಲ್ಟ್ ಬೇಗ ಹೊರಡುತ್ತದೆ, ಕೊಕ್ಕೆಯ ಮೇಲೆ ಭಾರ ಬೀಳುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಕೊಕ್ಕೆಯ ಸ್ಪ್ರಿಂಗನ್ನು ಬಲಪಡಿಸುವುದು, ಬಫರಿನ ತೂಕ ಹೆಚ್ಚಿಸುವುದು ಮುಂತಾದ ಸುಧಾರಣೆಗಳು ಒಂದೊಂದಾಗಿ ಬಂದವು. ಅನಿಲವೆಲ್ಲ ಬೋಲ್ಟ್ ಬಳಿಯೇ ಬರುವುದರಿಂದ ಅಲ್ಲಿ ಮಸಿ ಕಟ್ಟುವುದು ಈ ವಿನ್ಯಾಸದ ಹುಟ್ಟುಗುಣ. ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಕ್ ಕಂಪನಿ ತನ್ನ ಎಚ್‌ಕೆ-416ರಲ್ಲಿ ಅನಿಲದ ಕೊಳವೆಯ ಬದಲು ಪಿಸ್ಟನ್ ಅಳವಡಿಸಿ ಇದಕ್ಕೆ ಬೇರೆ ಪರಿಹಾರ ಕಂಡುಕೊಂಡಿತು.

2007ರ ಕೊನೆಯಲ್ಲಿ ಅಮೆರಿಕ ಸೇನೆ ಮೇರಿಲ್ಯಾಂಡ್‌ನ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ಕಠಿಣ ಧೂಳಿನ ಪರೀಕ್ಷೆ ನಡೆಸಿತು. ನಾಲ್ಕು ಮಾದರಿಗಳು, ಪ್ರತಿ ಮಾದರಿಯ ಹತ್ತು ಬಂದೂಕುಗಳು, ಪ್ರತಿ ಬಂದೂಕಿನಿಂದ 6,000 ಗುಂಡುಗಳು. ಒಟ್ಟು 60,000 ಗುಂಡುಗಳಿಗೆ ಎಕ್ಸ್‌ಎಂ-8 ಎಂಬ ಮಾದರಿ 127 ಬಾರಿ, ಸ್ಕಾರ್ 226 ಬಾರಿ, ಎಚ್‌ಕೆ-416 233 ಬಾರಿ ತಡೆಹಿಡಿದವು. ಎಂ-4 ತಡೆಹಿಡಿದದ್ದು 882 ಬಾರಿ. ಅಂದರೆ ಸರಾಸರಿ 68 ಗುಂಡಿಗೆ ಒಂದು ಅಡಚಣೆ.

ಈ ಅಂಕಿಗಳು ದೊಡ್ಡ ಸುದ್ದಿಯಾದವು. ಆದರೆ 882ರಲ್ಲಿ 239 ಅಡಚಣೆಗಳಿಗೆ ಕಾರಣ ಬಂದೂಕಲ್ಲ, ಮ್ಯಾಗಜೀನ್ ಎಂಬ ವಿವರ ಅಷ್ಟಾಗಿ ಗಮನ ಸೆಳೆಯಲಿಲ್ಲ. ತೆಳು ತಗಡಿನ ಆ ಪೆಟ್ಟಿಗೆಯ ಬಾಯಿ ತುಸು ಬಾಗಿದರೂ, ಒಳಗಿನ ಸ್ಪ್ರಿಂಗ್ ತುಸು ಸೋತರೂ ತೋಟಾ ವಾರೆಯಾಗಿ ಏರುತ್ತದೆ. ಮುಂದೆ 2009ರ ಹೊತ್ತಿಗೆ ಸೇನೆ ಮ್ಯಾಗಜೀನ್‌ನ ಒಳಭಾಗವನ್ನು ಸುಧಾರಿಸಿತು. ಬಂದೂಕಿಗೆ ಕೈಹಚ್ಚದೆಯೇ, ಅಗ್ಗದ ಒಂದು ಬಿಡಿಭಾಗವನ್ನು ಬದಲಿಸಿ ಅಡಚಣೆಗಳನ್ನು ತಗ್ಗಿಸಿದ ಉದಾಹರಣೆಯಿದು.

ಬಿಸಿಯೇರಿದ ನಳಿಗೆ

2008ರ ಜುಲೈ 13ರಂದು ಆಫ್ಘಾನಿಸ್ತಾನದ ವನತ್ ಎಂಬಲ್ಲಿನ ಸಣ್ಣ ಶಿಬಿರದ ಮೇಲೆ ತಾಲಿಬಾನ್ ಉಗ್ರರು ಮುಗಿಬಿದ್ದರು. 9 ಅಮೆರಿಕನ್ ಸೈನಿಕರು ಮಡಿದರು. ಬದುಕುಳಿದ ಕೆಲವರು ತಮ್ಮ ಎಂ-4ಗಳು ನಡುವೆಯೇ ಕೆಲಸ ನಿಲ್ಲಿಸಿದವೆಂದು ಹೇಳಿದರು. ಈ ಬಂದೂಕಿನಲ್ಲಿ ನಿರಂತರವಾಗಿ ಹಾರಿಸಬಹುದಾದ ದರ ನಿಮಿಷಕ್ಕೆ 12ರಿಂದ 15 ಗುಂಡುಗಳು ಮಾತ್ರ. ಸುತ್ತುವರಿದ ಶತ್ರುವನ್ನು ತಡೆಯಲು ಒಂದಾದ ಮೇಲೊಂದು ಮ್ಯಾಗಜೀನ್ ಖಾಲಿ ಮಾಡಿದಾಗ ತೆಳುವಾದ ನಳಿಗೆ ಕಾದುಹೋಗುತ್ತದೆ. ಜೀವ ಉಳಿಸಿಕೊಳ್ಳಲು ಹೊರಟವನು ಗುಂಡು ಎಣಿಸುತ್ತ ಕೂರಲಾರ ಎಂಬುದೂ ಅಷ್ಟೇ ನಿಜ.

ಬಳಿಕ ಕೈಗೊಂಡ ಸುಧಾರಣೆಯಲ್ಲಿ ಸೇನೆ ತನ್ನ ಕಾರ್ಬೈನ್‌ಗಳನ್ನು ದಪ್ಪ ನಳಿಗೆಯ ಎಂ-4ಎ1 ಮಾದರಿಗೆ ಪರಿವರ್ತಿಸಿತು. ದಪ್ಪ ನಳಿಗೆ ಹೆಚ್ಚು ಬಿಸಿಯನ್ನು ತಾಳುತ್ತದೆ. ಕಾದಾಗ ಗುಂಡು ದಾರಿ ತಪ್ಪುವುದೂ ಕಡಿಮೆ. ಇದಕ್ಕೆ ತೆತ್ತ ಬೆಲೆ ಹೆಚ್ಚುವರಿ ತೂಕ.

ಎಂ-4ಕ್ಕೆ ಬದಲಿ ಹುಡುಕುವ ಸ್ಪರ್ಧೆಯೂ ನಡೆಯಿತು. ಎರಡು ಅಡಚಣೆಗಳ ನಡುವೆ ಸರಾಸರಿ 3,592 ಗುಂಡುಗಳು ಹಾರಬೇಕೆಂಬ ಷರತ್ತನ್ನು ಯಾವ ಸ್ಪರ್ಧಿಯೂ ಮುಟ್ಟದಿದ್ದುದರಿಂದ 2013ರ ಜೂನ್‌ನಲ್ಲಿ ಅದನ್ನು ಕೈಬಿಡಲಾಯಿತು. ಪರೀಕ್ಷೆಯಲ್ಲಿ ಬಳಸಿದ್ದು ಸೇನೆಯ ಹೊಸ ತೋಟಾ. ಬಂದೂಕು ಮತ್ತು ತೋಟಾ ಒಂದಕ್ಕೊಂದು ಹೊಂದಬೇಕೆಂಬ 1964ರ ಪಾಠ ಇಲ್ಲಿ ಮತ್ತೆ ಚರ್ಚೆಗೆ ಬಂತು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಸೇನೆ ತನ್ನ ಮುಂಚೂಣಿ ಪಡೆಗಳಿಗಾಗಿ 6.8 ಮಿ.ಮೀ. ತೋಟಾದ ಸಿಗ್ ಸಾವರ್ ರೈಫಲ್ ಆಯ್ಕೆ ಮಾಡಿತು.

ನಮ್ಮ ಇನ್ಸಾಸ್

ಭಾರತದ ಅನುಭವ ಇದಕ್ಕೆ ಹತ್ತಿರದ್ದೇ. ಪುಣೆಯ ಶಸ್ತ್ರಾಸ್ತ್ರ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಲ್ಲಿ ರೂಪುಗೊಂಡ 5.56 ಮಿ.ಮೀ. ಇನ್ಸಾಸ್ 1990ರ ದಶಕದಲ್ಲಿ ಸೇನೆಗೆ ಸೇರಿತು. ಅದರ ದೊಡ್ಡ ಪರೀಕ್ಷೆ ಎದುರಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಕೊರೆಯುವ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್‌ಗಳು ಬಿರುಕುಬಿಟ್ಟವೆಂಬ ದೂರುಗಳು ಬಂದವು. ಗುಂಡು ಸಿಕ್ಕಿಕೊಳ್ಳುತ್ತದೆ ಎಂಬ ಆಕ್ಷೇಪವೂ ಕೇಳಿತು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯಲ್ಲಿ ಮಾವೋವಾದಿಗಳ ದಾಳಿಗೆ 43 ಸೈನಿಕರು ಬಲಿಯಾದಾಗ ನೇಪಾಳ ಸೇನೆ ಇನ್ಸಾಸ್‌ನತ್ತ ಬೆರಳು ತೋರಿಸಿತು. ಬಳಕೆಯ ಕ್ರಮ ಸರಿಯಿಲ್ಲದಿರುವುದೇ ಕಾರಣವೆಂಬ ಉತ್ತರ ಭಾರತದ ಕಡೆಯಿಂದ ಬಂತು. 1967ರ ವಾಷಿಂಗ್ಟನ್ನಿನ ವಾದ-ಪ್ರತಿವಾದಗಳನ್ನು ನೆನಪಿಸುವ ಸಂವಾದವಿದು.

ಇನ್ಸಾಸ್ ಸುಧಾರಣೆಗಳನ್ನು ಕಂಡಿತಾದರೂ ಸೇನೆ ಬೇರೆ ಬಂದೂಕುಗಳತ್ತ ಹೊರಳಿತು. 2019ರ ಫೆಬ್ರುವರಿಯಲ್ಲಿ 72,400 ಸಿಗ್-716 ರೈಫಲ್‌ಗಳಿಗೆ ಬೇಡಿಕೆ ಸಲ್ಲಿಕೆಯಾಯಿತು. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ರಷ್ಯಾದ ಸಹಯೋಗದೊಂದಿಗೆ 6 ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳ ತಯಾರಿಕೆಗೆ 2021ರಲ್ಲಿ ಒಪ್ಪಂದವಾಯಿತು.

ಹೊಸ ಬಂದೂಕು ಬಂದ ಮಾತ್ರಕ್ಕೆ ಹಳೆಯ ಪ್ರಶ್ನೆಗಳು ತೀರುವುದಿಲ್ಲ. ಯಾವ ತೋಟಾದೊಂದಿಗೆ ಪರೀಕ್ಷೆಯಾಯಿತು, ಯುದ್ಧಭೂಮಿಗೆ ಹೋಗುವುದು ಅದೇ ತೋಟಾವೇ, ಸಿಯಾಚಿನ್‌ನ ಹಿಮದಲ್ಲೂ ರಾಜಸ್ಥಾನದ ಮರಳಿನಲ್ಲೂ ಅದೇ ಮ್ಯಾಗಜೀನ್ ಬಾಳುವುದೇ, ಗಡಿ ಠಾಣೆಯ ಸೈನಿಕನ ಬಳಿ ಒಂದು ಬ್ರಷ್, ಒಂದು ಶೀಶೆ ಎಣ್ಣೆ ಇದೆಯೇ ಎಂಬ ಪ್ರಶ್ನೆಗಳು ಎಕೆ-203ಕ್ಕೂ ಅನ್ವಯಿಸುತ್ತವೆ, ಮುಂದೆ ಬರುವ ಕಾರ್ಬೈನ್‌ಗೂ ಅನ್ವಯಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಂದೂಕು ಕೈಕೊಟ್ಟಿತು ಎಂದು ಸೈನಿಕನೊಬ್ಬ ಬರೆದಾಗ ಆ ಪತ್ರವನ್ನು ಓದುವವರು ಇರಬೇಕು. ಖೆ ಸಾನ್ ಬೆಟ್ಟಗಳಿಂದ ಹೋದ ಪತ್ರಗಳನ್ನು ಯಾರೂ ಓದದಿದ್ದರೆ ಎಂ-16 ಸುಧಾರಿಸಲು ಇನ್ನೆಷ್ಟು ವರ್ಷಗಳು, ಇನ್ನೆಷ್ಟು ಜೀವಗಳು ಬೇಕಾಗುತ್ತಿದ್ದವೋ!